ಮುಚ್ಚಿದ ಕ್ಯಾಬಿನ್, ತೊಯ್ದ ಹೊದಿಕೆ: ಹತ್ತಿ ಹಂಗಾಮಿನ ಚಳಿ ರಾತ್ರಿಗಳು

ಬಿಸಿಲಿಗೆ ಹೆಸರಾದ ರಾಯಚೂರಿನಲ್ಲಿ ಚಳಿಯ ಮಾತೆತ್ತಿದರೆ ಹೊರಗಿನವರು ನಗುವುದುಂಟು. ಡಿಸೆಂಬರ್, ಜನವರಿಯ ರಾತ್ರಿಗಳನ್ನು ಲಾರಿಯ ಕ್ಯಾಬಿನ್‌ನಲ್ಲೋ ಟ್ರ್ಯಾಕ್ಟರ್ ಟ್ರೇಲರ್‌ನ ತಾಡಪತ್ರಿಯ ಅಡಿಯಲ್ಲೋ ಕಳೆದವರು ಮಾತ್ರ ನಗಲಾರರು. ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದಲ್ಲದೆ ನೆರೆಯ ತೆಲಂಗಾಣದಿಂದಲೂ ನಗರದ ಎಪಿಎಂಸಿಗೆ ಹತ್ತಿ ಬರುತ್ತದೆ. ಸರದಿ ಬರುವವರೆಗೆ ರೈತನಿಗೂ ಚಾಲಕನಿಗೂ ವಾಹನವೇ ಮನೆ. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದಿಂದ ಹಾರುಬೂದಿ ಒಯ್ಯುವ ಟ್ಯಾಂಕರ್‌ಗಳ ಚಾಲಕರದೂ ಇದೇ ಪಾಡು. ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಮಲಗಿದವರು ಬೆಳಗ್ಗೆ ಏಳುವಾಗ ಗಾಜಿನ ಮೇಲೆ ನೀರು ಇಳಿಯುತ್ತಿರುತ್ತದೆ, ಹೊದಿಕೆ ಹಸಿಯಾಗಿರುತ್ತದೆ, ಚಳಿ ಮಾತ್ರ ಹೋಗಿರುವುದಿಲ್ಲ.

ಈ ನೀರು ಹೊರಗಿನ ಇಬ್ಬನಿಯಲ್ಲ. ಅದು ಬಹುಪಾಲು ಒಳಗೆ ಮಲಗಿದವರದೇ. ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಒಂದು ಘನ ಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 10 ಡಿಗ್ರಿಗೆ ಇಳಿದರೆ ಅದರ ಶಕ್ತಿ 9 ಗ್ರಾಂಗೆ ಕುಸಿಯುತ್ತದೆ. ಐದಾರು ಘನ ಮೀಟರ್‌ನ ಕ್ಯಾಬಿನ್‌ನಲ್ಲಿ ಇಬ್ಬರು ಮಲಗಿದರೆ ಒಂದೆರಡು ಗಂಟೆಗಳಲ್ಲೇ ಆ ಗಾಳಿ ಆವಿಯಿಂದ ತುಂಬಿ ತುಳುಕುತ್ತದೆ. ಉಳಿದದ್ದು ತಣ್ಣಗಿನ ಗಾಜು, ತಗಡು, ರೆಕ್ಸಿನ್‌ಗಳ ಮೇಲೆ ಹನಿಯಾಗಿ ಕೂರುತ್ತದೆ.

ಎರೆಭೂಮಿಯ ಬಯಲಿನಲ್ಲಿ ಮೋಡವಿಲ್ಲದ ರಾತ್ರಿ ನೆಲದ ಕಾವು ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಲಾರಿಯ ತಗಡಿನ ಚಾವಣಿಯೂ ಹಾಗೆಯೇ, ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಭತ್ತದ ಗದ್ದೆಗಳ ಬದಿಯಲ್ಲಿ ಗಾಡಿ ನಿಲ್ಲಿಸಿದರೆ ಹೊರಗಿನ ಗಾಳಿಯಲ್ಲೂ ತೇವ ಹೆಚ್ಚು. ಕಾಲುವೆಯ ದಂಡೆ, ತಗ್ಗು ಪ್ರದೇಶಗಳನ್ನು ಬಿಟ್ಟು ಸ್ವಲ್ಪ ಎತ್ತರದ, ಒಣ ನೆಲವನ್ನು ಆರಿಸಿಕೊಂಡರೆ ಅರ್ಧ ಕಷ್ಟ ಅಲ್ಲಿಗೇ ತಪ್ಪುತ್ತದೆ.

ಹಸಿ ಹೊದಿಕೆಯಿಂದ ಚಳಿ ಹೆಚ್ಚಲು ಕಾರಣ ಸರಳ. ಹೊದಿಕೆಯಲ್ಲಿ ಮೈಯನ್ನು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ನಿಂತ ಗಾಳಿ. ನೀರು ನಿಶ್ಚಲ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಈ ಸೀಮೆಯ ಕುರಿಗಾಹಿಗಳು ಹೊಲದ ನಡುವಿನ ದೊಡ್ಡಿಯಲ್ಲಿ ಕರಿ ಕಂಬಳಿಯೊಂದನ್ನೇ ನಂಬಿ ಮಲಗುವುದು ಬಡತನಕ್ಕಾಗಿ ಮಾತ್ರವಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಮೇಲೆ ಕಂಬಳಿ, ಅದರ ಕೆಳಗೆ ಕೌದಿ ಇದ್ದರೆ ಪೇಟೆಯ ದುಬಾರಿ ಹೊದಿಕೆಗಳಿಗೆ ಕಡಿಮೆಯೇನಲ್ಲ. ಕೆಳಗಿನಿಂದ ಬರುವ ಚಳಿಯನ್ನು ಬಹಳ ಮಂದಿ ಮರೆಯುತ್ತಾರೆ. ಭತ್ತದ ಹುಲ್ಲು, ಅದರ ಮೇಲೆ ಗೋಣಿಚೀಲ ಹಾಸಿಕೊಂಡವನಿಗೆ ಎರಡು ಹೊದಿಕೆಯ ಲಾಭ. ಮುಖವನ್ನು ಮಾತ್ರ ಹೊದಿಕೆಯೊಳಗೆ ಎಳೆದುಕೊಳ್ಳಬಾರದು. ಆ ಉಸಿರೆಲ್ಲ ಹೊದಿಕೆಗೇ ಸೇರುತ್ತದೆ. ತಲೆಗೆ ರುಮಾಲು ಸುತ್ತಿದರೆ ಸಾಕು.

ಕಿಟಕಿಯ ಮಾತಿಗೆ ಬಂದರೆ, ಎರಡೂ ಬದಿಯ ಗಾಜುಗಳನ್ನು ಮೇಲ್ಭಾಗದಲ್ಲಿ ಒಂದು ಬೆರಳಿನಷ್ಟು ಇಳಿಸಿಡಬೇಕು. ಒಂದೇ ಬದಿಯಾದರೆ ಗಾಳಿ ಆಡುವುದಿಲ್ಲ. ಹೀಗೆ ಒಳನುಗ್ಗುವ ತಂಪು ಒಣ ಹೊದಿಕೆಯೊಳಗಿನ ದೇಹಕ್ಕೆ ಅಷ್ಟು ತೊಂದರೆ ಕೊಡದು. ಮುಂಗಾಜಿಗೆ ಒಳಗಿನಿಂದ ಬಟ್ಟೆ ಕಟ್ಟುವ ಅಭ್ಯಾಸವೂ ಸರಿಯಲ್ಲ. ಬಟ್ಟೆಯ ಹಿಂದಿನ ಗಾಜು ಇನ್ನಷ್ಟು ತಣ್ಣಗಾಗಿ ಅಲ್ಲಿಯೇ ನೀರು ಕಟ್ಟುತ್ತದೆ. ಗೋಣಿಚೀಲವನ್ನೋ ರಟ್ಟನ್ನೋ ಗಾಜಿನ ಹೊರಬದಿಗೆ ಕಟ್ಟುವುದು ಲೇಸು. ಒಳಗೆ ಚಹಾ ಕಾಯಿಸಬಾರದು: ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. ಮಲಗುವ ಮುನ್ನ ಬಿಸಿನೀರು ತುಂಬಿದ ಸ್ಟೀಲ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡರೆ ಹಲವು ತಾಸು ಕಾವು ಸಿಗುತ್ತದೆ. ಚಳಿಗೆಂದು ಮದ್ಯ ಕುಡಿಯುವವರು ಮೋಸಹೋಗುತ್ತಾರೆ. ಚರ್ಮದ ರಕ್ತನಾಳಗಳು ಹಿಗ್ಗಿ ಮೈಯ ಶಾಖ ಬೇಗ ಸೋರಿಹೋಗುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದುದು ಕೆಂಡದ ಸಂಗತಿ. ರಾತ್ರಿ ಹೊರಗೆ ಬೆಂಕಿ ಕಾಯಿಸಿ, ಉಳಿದ ಕೆಂಡವನ್ನು ಬುಟ್ಟಿಯಲ್ಲಿ ತುಂಬಿ ಕ್ಯಾಬಿನ್‌ನೊಳಗೆ ಇಟ್ಟುಕೊಳ್ಳುವುದು ಜೀವಕ್ಕೇ ಕುತ್ತು. ಮುಚ್ಚಿದ ಜಾಗದಲ್ಲಿ ಇದ್ದಿಲು ಉಗುಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಹೊಗೆಯಿಲ್ಲದ ಕೆಂಡ ಸುರಕ್ಷಿತವೆಂಬ ನಂಬಿಕೆಯೇ ಇಲ್ಲಿ ಪ್ರಾಣ ತೆಗೆಯುವುದು. ತಲೆನೋವು, ವಾಕರಿಕೆ, ತಲೆಸುತ್ತು ಮೊದಲ ಲಕ್ಷಣಗಳು. ನಿದ್ದೆಯಲ್ಲಿದ್ದವರಿಗೆ ಅವೂ ಗೊತ್ತಾಗುವುದಿಲ್ಲ. ಇಂಥವರನ್ನು ಕಂಡರೆ ಮೊದಲು ತೆರೆದ ಗಾಳಿಗೆ ತಂದು ನಂತರ 108ಕ್ಕೆ ಕರೆ ಮಾಡಬೇಕು. ನಿಂತ ವಾಹನದ ಎಂಜಿನ್ ರಾತ್ರಿಯಿಡೀ ಓಡಿಸುವುದರಲ್ಲೂ ಇದೇ ಅಪಾಯವಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದ್ದರೂ ಅದಕ್ಕೆ ಮುಂಚಿನ ಲಾರಿಗಳಿಗೆ ಅದು ಅನ್ವಯಿಸದು.

ಮನುಷ್ಯನನ್ನು ತೋಯಿಸುವ ಈ ಹನಿ ಸರಕನ್ನೂ ಬಿಡುವುದಿಲ್ಲ. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಗೆ ಕೊಳ್ಳುವಾಗ ತೇವಾಂಶ ಶೇ 8ನ್ನು ಮೀರಿದಂತೆ ದರ ಕಡಿತ ಮಾಡುತ್ತದೆ. ಶೇ 12ನ್ನು ಮೀರಿದರೆ ಕೊಳ್ಳುವುದೇ ಇಲ್ಲ. ಹಗಲ ಬಿಸಿಲಲ್ಲಿ ಕಾದ ಹತ್ತಿಯನ್ನು ಸಂಜೆ ಪ್ಲಾಸ್ಟಿಕ್ ತಾಡಪತ್ರಿಯಿಂದ ಬಿಗಿದರೆ, ಹತ್ತಿಯಿಂದೇಳುವ ಆವಿ ರಾತ್ರಿ ಅದರ ಒಳಮೈಗೆ ಕಟ್ಟಿ ಮತ್ತೆ ಹತ್ತಿಗೇ ತೊಟ್ಟಿಕ್ಕುತ್ತದೆ. ಸರಕು ತುಸು ತಣಿದ ಮೇಲೆ, ಆದರೆ ಇಬ್ಬನಿ ಬೀಳುವ ಮುನ್ನ, ಮೊದಲು ಗೋಣಿ ತಾಟನ್ನೋ ಹಳೆಯ ಸೀರೆಗಳನ್ನೋ ಹಾಸಿ ಅದರ ಮೇಲೆ ತಾಡಪತ್ರಿ ಹೊದಿಸಬೇಕು. ನಡುವೆ ಬಿದಿರೊಂದನ್ನು ಅಡ್ಡ ಕೊಟ್ಟು ಎತ್ತರಿಸಿ, ಎರಡೂ ತುದಿಗಳಲ್ಲಿ ಗಾಳಿಗೆ ಸಂದು ಬಿಟ್ಟರೆ ಹನಿ ಕಟ್ಟುವುದು ಬಹಳಷ್ಟು ತಗ್ಗುತ್ತದೆ. ಬೆಳಗ್ಗೆ ಗಡಿಬಿಡಿಯಲ್ಲಿ ಒಮ್ಮೆಲೇ ಎಳೆದರೆ ಮೇಲಿನ ಇಬ್ಬನಿಯೆಲ್ಲ ಸರಕಿನ ಮೇಲೆ ಸುರಿಯುತ್ತದೆ. ಮೊದಲು ನೀರನ್ನು ಅಂಚಿಗೆ ಗುಡಿಸಿ, ನಂತರ ಒಂದು ಬದಿಯಿಂದ ಸುರುಳಿ ಸುತ್ತುತ್ತ ತೆಗೆಯಬೇಕು. ಅದೇ ಹೊತ್ತಿಗೆ ಕ್ಯಾಬಿನ್‌ನ ಬಾಗಿಲುಗಳನ್ನು ತೆರೆದು, ಗಾಜನ್ನು ಒರೆಸಿ, ಕಂಬಳಿ, ಕೌದಿಗಳನ್ನು ಬಿಸಿಲಿಗೆ ಹರವಿದರೆ ಮರುರಾತ್ರಿಗೆ ಒಣ ಹೊದಿಕೆ ಸಿಗುತ್ತದೆ.