ಪಾರ್ಟ್‌ನರ್ ಆಗಲ್ಲ ಅಂದಿದ್ದರು, ಅಧ್ಯಕ್ಷೆಯಾದರು!

ನನ್ನ ದಿನವೆಲ್ಲ ಕಾಂಟ್ರ್ಯಾಕ್ಟ್ ಓದೋದರಲ್ಲೇ ಕಳೆಯುತ್ತೆ. ವಿದೇಶಿ ಕ್ಲೈಂಟ್‌ಗಳ ಕಾಗದಗಳಲ್ಲಿ ‘ಬೇಕರ್ ಮೆಕೆಂಜಿ’ ಅನ್ನೋ ಲಾ ಫರ್ಮ್ ಹೆಸರು ಆಗಾಗ ಕಣ್ಣಿಗೆ ಬೀಳುತ್ತೆ. ಅದರ ಕಥೆ ಕೆದಕಿದರೆ ಸಖತ್ ಇಂಟರೆಸ್ಟಿಂಗ್.

ರಸೆಲ್ ಬೇಕರ್ ಬೆಳೆದದ್ದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ. ಕಾನೂನು ಓದಿದ್ದು ಷಿಕಾಗೊದಲ್ಲಿ. 1949ರಲ್ಲಿ ಜಾನ್ ಮೆಕೆಂಜಿ ಜೊತೆ ಸೇರಿ ಅಲ್ಲೇ ಫರ್ಮ್ ಶುರು ಮಾಡಿದರು. ಯುದ್ಧ ಮುಗಿದು ಅಮೆರಿಕದ ಕಂಪನಿಗಳು ಹೊರದೇಶಗಳಿಗೆ ಕಾಲಿಡುತ್ತಿದ್ದ ಕಾಲ ಅದು. ಅವುಗಳ ಬೆನ್ನಿಗೇ ಬೇಕರ್ ಕೂಡ ಹೊರಟರು. 1955ರಲ್ಲಿ ವೆನೆಜುವೆಲಾದ ಕರಾಕಸ್‌ನಲ್ಲಿ ಮೊದಲ ವಿದೇಶಿ ಕಚೇರಿ. ಎಲ್ಲ ಕಡೆಗೂ ಅಮೆರಿಕದವರನ್ನೇ ಕಳಿಸೋ ಬದಲು, ಆಯಾ ದೇಶದ ವಕೀಲರನ್ನೇ ಸೇರಿಸಿಕೊಂಡು ಪಾಲುದಾರರನ್ನಾಗಿ ಮಾಡಿದರು. ಜಾಣತನ ಇದ್ದದ್ದೇ ಇಲ್ಲಿ. ಊರಿನ ಕಾನೂನು ಊರಿನವರಿಗೇ ತಾನೇ ಚೆನ್ನಾಗಿ ಗೊತ್ತಿರೋದು?

ಪ್ಯಾರಿಸ್ ಕಚೇರಿಗೆ 1981ರಲ್ಲಿ ಹೀಗೆ ಸೇರಿದವರು ಕ್ರಿಸ್ಟೀನ್ ಲಗಾರ್ಡ್. ಅದಕ್ಕೂ ಮೊದಲು ಬೇರೊಂದು ಫರ್ಮ್‌ನ ಇಂಟರ್‌ವ್ಯೂನಲ್ಲಿ, ಹೆಂಗಸಾದ್ದರಿಂದ ಪಾರ್ಟ್‌ನರ್ ಆಗೋ ಆಸೆ ಇಟ್ಟುಕೊಳ್ಳಬೇಡಿ ಅಂದಿದ್ದರಂತೆ. ಎದ್ದು ಬಂದುಬಿಟ್ಟರು! 1999ರಲ್ಲಿ ಇಡೀ ಬೇಕರ್ ಮೆಕೆಂಜಿಗೇ ಮೊದಲ ಮಹಿಳಾ ಅಧ್ಯಕ್ಷೆಯಾದರು. ಲೆಕ್ಕ ಹಾಕಿ ನೋಡಿ, ಅಷ್ಟು ದೇಶಗಳ ವಕೀಲರನ್ನು ಸಮನಾಗಿ ಕಂಡ ಫರ್ಮ್‌ಗೂ ಒಬ್ಬ ಹೆಣ್ಣುಮಗಳನ್ನು ಆ ಕುರ್ಚಿಯಲ್ಲಿ ಕೂರಿಸೋಕೆ ಸರಿಯಾಗಿ 50 ವರ್ಷ ಬೇಕಾಯ್ತು.

ಲಗಾರ್ಡ್ ಅಲ್ಲಿಗೇ ನಿಲ್ಲಲಿಲ್ಲ. ಫ್ರಾನ್ಸ್‌ನ ಹಣಕಾಸು ಸಚಿವೆಯಾದರು, 2011ರಲ್ಲಿ ಐಎಂಎಫ್ ಮುಖ್ಯಸ್ಥೆ, 2019ರಲ್ಲಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಅಧ್ಯಕ್ಷೆ. ಈ ಮೂರೂ ಕುರ್ಚಿಗಳಲ್ಲಿ ಅವರಿಗಿಂತ ಮೊದಲು ಹೆಂಗಸರು ಯಾರೂ ಕೂತಿರಲಿಲ್ಲ.