ಕತ್ತಲಾದ ಪರದೆ ಏನು ಹೇಳುತ್ತೆ? ಹಳೇ ಆರ್ಕೇಡ್ ಮಾನಿಟರ್ ರಿಪೇರಿ

ಇವತ್ತಿನ ಸಂಚಿಕೆಯಲ್ಲಿ ನಾವು ಬಿಚ್ಚಿ ನೋಡೋದು 1980ರ ದಶಕದ ಒಂದು ಪೆಟ್ಟಿಗೆಯನ್ನ. 'ಪ್ಯಾಕ್-ಮ್ಯಾನ್' ತರಹ, ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರದೊಳಗಿನ 19 ಇಂಚಿನ ಬಣ್ಣದ ಮಾನಿಟರ್. ಅಮೆರಿಕ, ಕೆನಡಾಗಳಲ್ಲಿ ಇಂಥ ಯಂತ್ರ ಕೊಂಡು, ಗ್ಯಾರೇಜಿನಲ್ಲಿಟ್ಟು ಮತ್ತೆ ಓಡಿಸುವ ಹವ್ಯಾಸಿಗಳು ಈಗಲೂ ಇದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಇದರಲ್ಲಿ ಸಾಮಾನ್ಯವಾಗಿ ಕೆಡುವ ಭಾಗಗಳು ಅಗ್ಗದವು, ಈಗಲೂ ಸಿಗುತ್ತವೆ. ಅವಸರದಲ್ಲಿ ನಾವು ಒಡೆದು ಹಾಕಬಹುದಾದ ಪಿಕ್ಚರ್ ಟ್ಯೂಬ್ ಮಾತ್ರ ಹೊಸದು ಸಿಗಲ್ಲ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯೋ ಮುಂಚೆ ಪರದೆಯನ್ನ ಓದೋದು ಕಲಿಯಬೇಕು.

ಟ್ಯೂಬ್ ಕೆಲಸ ಮಾಡೋದು ಹೀಗೆ. ಹಿಂದಿನ ಸಣ್ಣ ಕುತ್ತಿಗೆಯಲ್ಲಿ ಮೂರು ಎಲೆಕ್ಟ್ರಾನ್ ಗನ್‌ಗಳಿವೆ: ಕೆಂಪು, ಹಸಿರು, ನೀಲಿಗೆ ಒಂದೊಂದು. ಅಲ್ಲಿಂದ ಹೊರಟ ಎಲೆಕ್ಟ್ರಾನ್‌ಗಳನ್ನ ಸುಮಾರು 20ರಿಂದ 25 ಸಾವಿರ ವೋಲ್ಟ್ ಪರದೆಯ ಕಡೆಗೆ ಎಳೆಯುತ್ತೆ. ಕುತ್ತಿಗೆಗೆ ಸುತ್ತಿದ ಸುರುಳಿಗಳು ಆ ಕಿರಣವನ್ನ ಅಡ್ಡಡ್ಡ ಸೆಕೆಂಡಿಗೆ ಸುಮಾರು 15,750 ಸಲ, ಮೇಲಿನಿಂದ ಕೆಳಕ್ಕೆ 60 ಸಲ ಓಡಾಡಿಸುತ್ತವೆ. ಕಿರಣವನ್ನ ಅಡ್ಡ ಓಡಿಸುವ ಭಾಗವೇ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರನ್ನೂ ನಡೆಸುತ್ತೆ, ಹೈವೋಲ್ಟೇಜ್ ಹುಟ್ಟೋದು ಅಲ್ಲಿಂದಲೇ. ನಮ್ಮೂರ ಟಿವಿ ರಿಪೇರಿ ಅಂಗಡಿಗಳಲ್ಲಿ ಇ.ಎಚ್.ಟಿ. ಅಂತಿದ್ದರಲ್ಲ, ಅದೇ ಇದು.

ಈಗ ಲಕ್ಷಣಗಳಿಗೆ ಬರೋಣ. ಪರದೆ ಪೂರ್ತಿ ಕತ್ತಲೆ ಅಂದುಕೊಳ್ಳಿ. ಸ್ವಿಚ್ ಹಾಕಿದಾಗ ಕುತ್ತಿಗೆಯಲ್ಲಿ ಕಿತ್ತಳೆ ಬಣ್ಣದ ಮಂದ ಬೆಳಕು ಕಾಣುತ್ತಾ? ಪರದೆಯ ಗಾಜಿನ ಹತ್ತಿರ ತೋಳು ತಂದರೆ, ಹಳೇ ಟಿವಿ ಮುಂದೆ ಆಗ್ತಿದ್ದ ಹಾಗೆ ರೋಮ ನಿಮಿರುತ್ತಾ? ಎರಡೂ ಇಲ್ಲ ಅಂದ್ರೆ ವಿದ್ಯುತ್ ಪೂರೈಕೆ ಅಥವಾ ಅಡ್ಡ ಓಡಿಸುವ ಭಾಗದ ಮೇಲೆ ಅನುಮಾನ. ಹೊಸ ಫ್ಯೂಸ್ ಹಾಕಿದ ತಕ್ಷಣ ಸುಟ್ಟರೆ, ಫ್ಲೈಬ್ಯಾಕ್ ನಡೆಸುವ ದೊಡ್ಡ ಟ್ರಾನ್ಸಿಸ್ಟರ್ ಶಾರ್ಟ್ ಆಗಿರೋ ಸಾಧ್ಯತೆ ಹೆಚ್ಚು. ಅಲ್ಲಿ ದಪ್ಪ ಫ್ಯೂಸ್ ಹಾಕಿ 'ನೋಡೋಣ' ಅಂದ್ರೆ ಫ್ಯೂಸ್ ಬದಲು ಬೋರ್ಡ್ ಸುಡುತ್ತೆ.

ಕತ್ತಲೆಯಲ್ಲಿ ಒಂದೇ ಒಂದು ಪ್ರಖರ ಅಡ್ಡಗೆರೆ ಬಂದ್ರೆ? ಹೈವೋಲ್ಟೇಜ್ ಸರಿಯಿದೆ, ಮೇಲೆ-ಕೆಳಗೆ ಓಡಿಸುವ ಭಾಗ ನಿಂತಿದೆ ಅಂತ ಅರ್ಥ. ತಕ್ಷಣ ಬ್ರೈಟ್‌ನೆಸ್ ತಗ್ಗಿಸಿ ಆಫ್ ಮಾಡಿ. ಇಡೀ ಪರದೆಗೆ ಹಂಚಿಹೋಗಬೇಕಾದ ಶಕ್ತಿ ಒಂದೇ ಗೆರೆ ಮೇಲೆ ಬಿದ್ದು ಅಲ್ಲಿನ ಫಾಸ್ಫರ್ ಸುಟ್ಟರೆ ಆ ಗುರುತು ಶಾಶ್ವತ. ಇಲ್ಲೊಂದು ತಮಾಷೆ ಇದೆ: ಪ್ಯಾಕ್-ಮ್ಯಾನ್ ಯಂತ್ರದಲ್ಲಿ ಮಾನಿಟರನ್ನ 90 ಡಿಗ್ರಿ ತಿರುಗಿಸಿ ಕೂರಿಸಿರ್ತಾರೆ. ಅಲ್ಲಿ ಇದೇ ದೋಷ ನಿಂತ ಗೆರೆಯಾಗಿ ಕಾಣುತ್ತೆ.

ಚಿತ್ರ ಕುಗ್ಗಿದ್ದರೆ, ಅಂಚಿನಲ್ಲಿ ಮಡಚಿಕೊಂಡಿದ್ದರೆ, ಬಳುಕುತ್ತಿದ್ದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನ ನೋಡಿ. ಅವುಗಳೊಳಗೆ ಒಂದು ದ್ರವ ಇರುತ್ತೆ. ನಾಲ್ಕು ದಶಕದ ಬಿಸಿಗೆ ಅದು ನಿಧಾನವಾಗಿ ಆರುತ್ತೆ, ಒಳಗಿನ ರೋಧ ಏರುತ್ತೆ, ಧಾರಣೆ ಇಳಿಯುತ್ತೆ. ಎಲ್ಲವನ್ನೂ ಒಟ್ಟಿಗೆ ಬದಲಿಸೋದು ವಾಡಿಕೆ. ಪ್ಲಸ್, ಮೈನಸ್ ತಿರುಗಾಮುರುಗಾ ಆಗಬಾರದು ಅಷ್ಟೇ. ಜೊತೆಗೆ ಬಿರುಕುಬಿಟ್ಟ ಬೆಸುಗೆಗಳನ್ನೂ ಹುಡುಕಿ.

ಕೆಂಪು ಬಣ್ಣವೇ ಇಲ್ಲವಾ? ಯಂತ್ರ ಆಫ್ ಮಾಡಿ, ಆಟದ ಬೋರ್ಡಿನಿಂದ ಬರುವ ಕೆಂಪು ಮತ್ತು ಹಸಿರು ತಂತಿಗಳನ್ನ ಅದಲು ಬದಲು ಮಾಡಿ. ಈಗ ಪರದೆಯಲ್ಲಿ ಹಸಿರು ಮಾಯವಾದರೆ ತಪ್ಪು ಆಟದ ಬೋರ್ಡಿನದು ಅಥವಾ ತಂತಿಯದು. ಈಗಲೂ ಕೆಂಪೇ ಇಲ್ಲ ಅಂದ್ರೆ ಮಾನಿಟರಿನದು. ಬಣ್ಣಬಣ್ಣದ ಕಲೆಗಳು ಮಾತ್ರ ಇದ್ದರೆ, ಪರದೆಯ ಹಿಂದಿನ ಲೋಹದ ಜಾಲರಿಗೆ ಕಾಂತತ್ವ ಅಂಟಿರಬಹುದು. ಅದನ್ನ ಡಿಗಾಸ್ ಸುರುಳಿಯಿಂದ ತೆಗೀಬಹುದು, ಬೆಸುಗೆ ಏನೂ ಬೇಕಿಲ್ಲ.

ಇನ್ನು ಜೀವಕ್ಕೆ ಸಂಬಂಧಿಸಿದ ಮಾತು. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಒಂದು ದೊಡ್ಡ ಕೆಪಾಸಿಟರಿನ ಹಾಗೆ ಚಾರ್ಜ್ ಹಿಡಿದಿರುತ್ತೆ. ಹಿಡಿಗೆ ಒಳ್ಳೆ ನಿರೋಧಕ ಇರುವ ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನ ಟ್ಯೂಬಿನ ಬೆನ್ನಿಗೆ ಒರಗಿರುವ ಹೆಣೆದ ನೆಲತಂತಿಗೆ ಸಿಕ್ಕಿಸಿ, ಒಂದೇ ಕೈಯಿಂದ ರಬ್ಬರ್ ಟೋಪಿಯ ಕೆಳಗೆ ತೂರಿಸಿ ಚಾರ್ಜ್ ಇಳಿಸಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮಾಡಿ, ಯಾಕಂದ್ರೆ ಉಳಿದ ಚಾರ್ಜ್ ಮರಳಿ ಮೇಲೆ ಬರುತ್ತೆ. ಬೋರ್ಡಿನ ಮೇಲಿನ ದೊಡ್ಡ ಫಿಲ್ಟರ್ ಕೆಪಾಸಿಟರನ್ನೂ ಮೀಟರ್ ಇಟ್ಟು ನೋಡಿ.

ಇನ್ನೊಂದು ಅಪಾಯ, ಬೇರೆ ಬೇರೆ ದೇಶಗಳಲ್ಲಿರುವ ನಮ್ಮ ಕೇಳುಗರು ಗಮನಿಸಬೇಕಾದ್ದು. ಇಂಥ ಅನೇಕ ಮಾನಿಟರ್‌ಗಳಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದು ಯಂತ್ರದ ಪೆಟ್ಟಿಗೆಯಲ್ಲಿ ಬೇರೆಯಾಗಿ ಇರುತ್ತೆ. ಮಾನಿಟರ್ ಒಂದನ್ನೇ ಹೊರತೆಗೆದು ಮೇಜಿನ ಮೇಲಿಟ್ಟು ನೇರ ಮನೆ ಕರೆಂಟಿಗೆ ಕೊಟ್ಟರೆ ಚಾಸಿಗೇ ಕರೆಂಟು ಬರಬಹುದು. ಬ್ರಿಟನ್, ಕೊಲ್ಲಿ ದೇಶ, ಭಾರತದಲ್ಲಿ 230 ವೋಲ್ಟನ್ನ 110ಕ್ಕೆ ಇಳಿಸೋಕೆ ಸಿಗುವ ಸ್ಟೆಪ್‌ಡೌನ್ ಪೆಟ್ಟಿಗೆಗಳಲ್ಲಿ ಬಹಳಷ್ಟು ಆಟೋಟ್ರಾನ್ಸ್‌ಫಾರ್ಮರ್‌ಗಳು. ಅವು ವೋಲ್ಟೇಜ್ ಇಳಿಸುತ್ತವೆ, ನಿಮ್ಮನ್ನ ಕರೆಂಟಿನಿಂದ ಬೇರ್ಪಡಿಸಲ್ಲ.

ಈ ಸಂಚಿಕೆ ಕೇಳಿದ ಧೈರ್ಯದ ಮೇಲೆ ಮಾತ್ರ ಪೆಟ್ಟಿಗೆಗೆ ಕೈ ಹಾಕಬೇಡಿ. ಮೊದಲ ಸಲ ಚಾರ್ಜ್ ಇಳಿಸುವಾಗ ಹಳೇ ಟಿವಿ ರಿಪೇರಿ ಮಾಡಿ ಅನುಭವ ಇರೋರು ಪಕ್ಕದಲ್ಲಿರಲಿ. ಲಕ್ಷಣ ಬರೆದಿಟ್ಟುಕೊಳ್ಳಿ, ಅಳೆಯಿರಿ, ಆಮೇಲೆ ಬಿಚ್ಚಿ. ಕುತ್ತಿಗೆಯ ತೆಳು ಗಾಜಿಗೆ ಮೊಣಕೈ ತಗುಲದ ಹಾಗೆ ನೋಡಿಕೊಳ್ಳಿ.