ತಿದಿಯ ವಾದ್ಯವೂ ಕುಣಿತದ ಮಟ್ಟೂ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿಗೆ ಸೇರಿದ ಯಲ್ದೂರು ಸಂಗೀತಕ್ಕೆಂದು ಹೆಸರಾದ ಊರಲ್ಲ. ಆ ಸೀಮೆಯ ಮಾತೆತ್ತಿದರೆ ಜನಕ್ಕೆ ನೆನಪಾಗುವುದು ಮಾವಿನ ತೋಪು. ಆದರೂ ಬೇಸಗೆಯ ರಜೆಯಲ್ಲಿ ಅಲ್ಲಿನ ಬಂಧುಗಳ ಮನೆಯಲ್ಲಿ ಕಳೆದ ಒಂದು ಸಂಜೆ ನನಗೆ ಕಲಿಸಿದಷ್ಟನ್ನು ಅನೇಕ ಸಂಗೀತ ಸಭೆಗಳು ಕಲಿಸಿಲ್ಲ. ಅದನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

ನನ್ನಲ್ಲಿ ಒಂದು ಕನ್ಸರ್ಟೀನ ಇದೆ. ಬೆಂಗಳೂರಿನಲ್ಲಿ ಹಳೆಯ ಸಾಮಾನು ಮಾರುವವರೊಬ್ಬರಿಂದ ಕೊಂಡದ್ದು. ಆರು ಮೂಲೆಯ ಎರಡು ಮರದ ಹಲಗೆಗಳು, ನಡುವೆ ಮಡಿಕೆ ಮಡಿಕೆಯಾದ ತೊಗಲಿನ ತಿದಿ, ಎರಡು ಕಡೆಯೂ ಸಣ್ಣ ಗುಂಡಿಗಳು: ಇಷ್ಟೇ ಅದರ ಆಕಾರ. ಇದನ್ನು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕುಳಿತಾಗ ಮಕ್ಕಳು, “ಕುಲುಮೆ ತಿದಿ, ಕುಲುಮೆ ತಿದಿ” ಎಂದು ನಕ್ಕರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕಮ್ಮಾರನ ತಿದಿ ಬೆಂಕಿಗೆ ಗಾಳಿ ಊದಿದರೆ ಇದು ಹಿತ್ತಾಳೆಯ ಅಥವಾ ಉಕ್ಕಿನ ನಾಲಿಗೆಗೆ ಊದುತ್ತದೆ. ಚೌಕಟ್ಟಿನ ಸೀಳಿನೊಳಗೆ ಒಂದು ತುದಿ ಮಾತ್ರ ಬಿಗಿದ ತೆಳುವಾದ ಲೋಹದ ನಾಲಿಗೆ ಗಾಳಿಯ ಒತ್ತಡಕ್ಕೆ ಹಿಂದೆ ಮುಂದೆ ಅದುರುತ್ತದೆ. ಆ ಅದುರುವಿಕೆಯೇ ನಾದ. ನಾಲಿಗೆ ಉದ್ದವಾಗಿದ್ದರೆ ಮಂದ್ರ, ಗಿಡ್ಡವಾಗಿದ್ದರೆ ತಾರ. ನಮ್ಮ ಹಾರ್ಮೋನಿಯಮ್ಮಿನ ರೀಡು, ಹಾಡುಗಾರರ ಹಿಂದೆ ಗುಂಯ್‍ಗುಡುವ ಶ್ರುತಿಪೆಟ್ಟಿಗೆ, ಮಕ್ಕಳು ತುಟಿಗಿಟ್ಟು ಊದುವ ಮೌತ್ ಆರ್ಗನ್, ಇವೆಲ್ಲ ಒಂದೇ ವಂಶದ ಕುಡಿಗಳು. ಚೀನಾದವರು ಬಹು ಪುರಾತನ ಕಾಲದಿಂದಲೂ ‘ಷೆಂಗ್’ ಎಂಬ ಬಿದಿರಿನ ವಾದ್ಯದಲ್ಲಿ ಇದೇ ತತ್ತ್ವವನ್ನು ಬಳಸುತ್ತ ಬಂದಿದ್ದಾರೆ. ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಜಾತಿಯ ವಾದ್ಯಗಳು ಒಂದರ ಹಿಂದೆ ಒಂದರಂತೆ ಹುಟ್ಟಿದವು. 1829ರಲ್ಲಿ ವಿಯೆನ್ನಾದ ಡೆಮಿಯಾನ್ ಅಕಾರ್ಡಿಯನ್ನಿಗೆ ಹಕ್ಕುಪತ್ರ ಪಡೆದನು. ವಿದ್ಯುಚ್ಛಾಸ್ತ್ರದಲ್ಲಿ ಹೆಸರು ಪಡೆದ ಚಾರ್ಲ್ಸ್ ವೀಟ್‍ಸ್ಟನ್ ಇಂಗ್ಲೆಂಡಿನಲ್ಲಿಯೂ, ಊಲಿಗ್ ಎಂಬಾತ ಜರ್ಮನಿಯ ಕೆಮ್ನಿಟ್ಸ್ ಪಟ್ಟಣದಲ್ಲಿಯೂ ಕನ್ಸರ್ಟೀನವನ್ನು ಬೇರೆ ಬೇರೆಯಾಗಿ ರೂಪಿಸಿದರು. 1842ರಲ್ಲಿ ಪ್ಯಾರಿಸಿನ ಡೆಬೇನ್ ಹಾರ್ಮೋನಿಯಮ್ಮಿಗೆ ಹಕ್ಕು ಪಡೆದನು. ಕಾಲಿನಿಂದ ತುಳಿಯುತ್ತಿದ್ದ ಆ ಪೆಟ್ಟಿಗೆಯನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ.

ಊರಿನ ಹಾರ್ಮೋನಿಯಂ ಮೇಷ್ಟರು ಆ ಸಂಜೆ ಬಂದರು. ಎಪ್ಪತ್ತು ದಾಟಿದವರು. ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ಅವರ ವೃತ್ತಿ. ಹಳೆಯ ಮೈಸೂರಿನ ಸೀಮೆಯಲ್ಲಿ ಹಳ್ಳಿಯವರೇ ವೇಷ ಕಟ್ಟಿ ‘ಕುರುಕ್ಷೇತ್ರ’ವನ್ನಾಡುವ ಪದ್ಧತಿ ಶ್ರೋತೃಗಳಿಗೆ ತಿಳಿದೇ ಇದೆ. ಮೇಷ್ಟರು ತಿಂಗಳುಗಟ್ಟಲೆ ಊರಿನಲ್ಲಿದ್ದು ಕಂದ, ವೃತ್ತ, ಹಾಡುಗಳನ್ನು ಬಾಯಿಪಾಠ ಮಾಡಿಸಬೇಕು. ಪಾತ್ರಧಾರಿಗಳು ತಲೆಗಿಷ್ಟೆಂದು ಹಣ ಹಾಕಿ ಅವರ ಸಂಭಾವನೆಯನ್ನು ಸಲ್ಲಿಸಬೇಕು. ಕೋಲಾರದ ಕಡೆ ಮೇಷ್ಟರಿಗೆ ಇನ್ನೊಂದು ಹೊರೆಯೂ ಉಂಟು. ಕನ್ನಡದ ಜತೆಗೆ ತೆಲುಗಿನ ಪದ್ಯವೂ ಬರಬೇಕು, ಭಜನೆಯ ಮನೆಯಲ್ಲಿ ಕೈವಾರದ ನಾರೇಯಣ ತಾತಯ್ಯನವರ ತತ್ತ್ವಗಳಿಗೆ ಪೆಟ್ಟಿಗೆ ಹಿಡಿಯಲೂ ಬರಬೇಕು.

“ಅದರಲ್ಲಿ ಏನು ನುಡಿಸ್ತೀರಿ ಸ್ವಾಮಿ?” ಎಂದರು. ಐರ್ಲೆಂಡಿನ ಕುಣಿತದ ಧಾಟಿಗಳು ಎಂದೆ. ಅವರಲ್ಲಿ ಇದನ್ನು ಜಿಗ್ ಎನ್ನುತ್ತಾರೆ ಎಂದು ಹೇಳಿ, ಎಲ್ಲಕ್ಕಿಂತ ಪ್ರಸಿದ್ಧವಾದ ‘ಐರಿಷ್ ವಾಷರ್‍ವುಮನ್’ ಎಂಬುದನ್ನು ನುಡಿಸಿದೆ.

ಜಿಗ್ ಎಂದರೇನೆಂಬುದನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದು ಸುಲಭ. ಅದು ತಿಶ್ರ ನಡೆಯ ಕುಣಿತ. ‘ತಕಿಟ ತಕಿಟ’ ಎಂಬ ಆರು ಅಕ್ಷರಗಳಿಗೆ ಎರಡು ಹೆಜ್ಜೆ; ಇದು ಒಂದು ಆವರ್ತ. ಇಂಥ ಎಂಟು ಆವರ್ತಗಳಾದರೆ ಒಂದು ಭಾಗ. ಸಾಧಾರಣವಾಗಿ ಧಾಟಿಗೆ ಎರಡು ಭಾಗಗಳಿರುತ್ತವೆ. ಮೊದಲನೆಯದನ್ನು ಎರಡು ಸಲ, ಎರಡನೆಯದನ್ನು ಎರಡು ಸಲ ನುಡಿಸಿ ಮತ್ತೆ ಮೊದಲಿಗೆ ಹೊರಳುತ್ತಾರೆ. ನಮ್ಮ ಪಲ್ಲವಿ, ಅನುಪಲ್ಲವಿಗಳಂತೆ ಎರಡನೆಯ ಭಾಗ ಬಹುಮಟ್ಟಿಗೆ ಮೇಲಿನ ಸ್ಥಾಯಿಗೆ ಏರುತ್ತದೆ. ‘ಸ್ಲಿಪ್ ಜಿಗ್’ ಎಂಬುದರಲ್ಲಿ ತಕಿಟ ಮೂರು ಸಲ ಬಂದು ಒಂಬತ್ತು ಅಕ್ಷರಗಳಾಗುತ್ತವೆ. ರಾಗದ ವಿಚಾರದಲ್ಲಿಯೂ ನಮಗೆ ತೀರ ಪರಕೀಯವಾದುದೇನೂ ಇಲ್ಲ. ಈ ಧಾಟಿಗಳಲ್ಲಿ ಅನೇಕವು ಶಂಕರಾಭರಣದ ಸ್ವರಗಳಲ್ಲಿವೆ. ಮಿಕ್ಕವುಗಳಲ್ಲಿ ಕೆಲವು ಖರಹರಪ್ರಿಯದವು, ಕೆಲವು ಹರಿಕಾಂಭೋಜಿಯವು. ಸ್ವರಗಳು ಮಾತ್ರ ಅವು, ಗಮಕವಿಲ್ಲ. ಅವರ ಅಲಂಕಾರವೆಲ್ಲ ಬೆರಳಿನ ಮಿಂಚಿನಂಥ ತಟ್ಟು.

ಕನ್ಸರ್ಟೀನಕ್ಕೂ ಜಿಗ್ಗಿಗೂ ಇಷ್ಟು ಹೊಂದಿಕೆ ಹೇಗೆ ಬಂತು? ವಾದ್ಯದಲ್ಲಿ ಎರಡು ಮುಖ್ಯ ಬಗೆಗಳಿವೆ. ವೀಟ್‍ಸ್ಟನ್ನನ ಬಗೆಯಲ್ಲಿ ತಿದಿಯನ್ನು ಎಳೆದರೂ ಒತ್ತಿದರೂ ಒಂದು ಗುಂಡಿಗೆ ಒಂದೇ ಸ್ವರ. ಜರ್ಮನಿಯ ಬಗೆಯಲ್ಲಿಯೂ ಅದರಿಂದ ಬೆಳೆದ ‘ಆಂಗ್ಲೋ’ ಬಗೆಯಲ್ಲಿಯೂ ಒತ್ತಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು. ಆದಕಾರಣ ಧಾಟಿಯ ನಡುವೆ ತಿದಿ ಮತ್ತೆ ಮತ್ತೆ ದಿಕ್ಕು ಬದಲಿಸಲೇ ಬೇಕು. ಆ ಬದಲಾವಣೆಯಲ್ಲಿ ಕೂದಲೆಳೆಯಷ್ಟು ತಡೆ, ಅದರ ಬೆನ್ನಿಗೇ ಒಂದು ಒತ್ತು. ಗಾಯನಕ್ಕೆ ಇದು ದೋಷ. ಕುಣಿಯುವವನ ಕಾಲಿಗೆ ಇದೇ ಜೀವ. ಐರ್ಲೆಂಡಿನ ಪಶ್ಚಿಮದಲ್ಲಿರುವ ಕ್ಲೇರ್ ಸೀಮೆಯ ಹಳ್ಳಿಗಳಲ್ಲಿ ಅಗ್ಗದ ಜರ್ಮನ್ ಪೆಟ್ಟಿಗೆಗಳು ಹರಡಿದ ಮೇಲೆ ಅದು ಹೆಚ್ಚಾಗಿ ಹೆಂಗಸರ ವಾದ್ಯವೆನಿಸಿತು. ಅಡಿಗೆಮನೆಯ ಕಲ್ಲುಹಾಸಿನ ಮೇಲೆ ಕುಣಿಯುವವರಿಗೆ ಮನೆಯೊಡತಿಯೇ ನುಡಿಸುವಳು.

ನಾನು ನುಡಿಸಿ ಮುಗಿಸುವ ಹೊತ್ತಿಗೆ ಮೇಷ್ಟರು ಮನೆಯಿಂದ ಪೆಟ್ಟಿಗೆ ತರಿಸಿದ್ದರು. ಎರಡನೆಯ ಸಲ ಕೇಳಿದರು. ಮೂರನೆಯ ಸಲಕ್ಕೆ ನನ್ನ ಜತೆಗೇ ನುಡಿಸಿದರು. ನಾಲ್ಕನೆಯದಕ್ಕೆ ನಾನು ಹಿಂದೆ ಬಿದ್ದೆ. ಒಳಗಿನಿಂದ ಹೆಣ್ಣುಮಕ್ಕಳು ಬಂದು, “ತಾತ, ಇದು ಕೋಲಾಟಕ್ಕೆ ಬರ್ತದೆ” ಎಂದು ಕೋಲು ಹಿಡಿದು ನಿಂತರು. ನಿಜವೇ. ನಮ್ಮ ಕೋಲಾಟದ ಎಷ್ಟೋ ಪದಗಳು ತಿಶ್ರ ನಡೆಯವು. ಎರಡು ಸುತ್ತು ಆದ ಮೇಲೆ ಮೇಷ್ಟರು ತಮ್ಮ ಹಳೆಯ ನೋಟುಬುಕ್ಕನ್ನು ತೆಗೆದು, “ಹೆಸರೇನಂದಿರಿ?” ಎಂದು ಕೇಳಿ, ‘ಮಡಿವಾಳಗಿತ್ತಿ ಮಟ್ಟು’ ಎಂದು ಬರೆದುಕೊಂಡರು. ಸ್ವರ ಬರೆದುಕೊಳ್ಳಲಿಲ್ಲ.

ಈ ಮಟ್ಟು ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಕಂಪೆನಿ ನಾಟಕಗಳ ಕಾಲದಲ್ಲಿ ಅಚ್ಚಾದ ಹಾಡಿನ ಪುಸ್ತಕಗಳನ್ನು ನೋಡಿದವರಿಗೆ ನೆನಪಿರಬಹುದು: ಹಾಡಿನ ತಲೆಯ ಮೇಲೆ ಮತ್ತೊಂದು ಹಾಡಿನ ಮೊದಲ ಮಾತನ್ನು ಕೊಟ್ಟು ‘ಎಂಬ ಮಟ್ಟು’ ಎಂದು ಹಾಕಿರುತ್ತಿದ್ದರು. ಆ ಹಾಡು ಮರಾಠಿಯದಾಗಿರಬಹುದು, ಪಾರ್ಸಿ ಕಂಪೆನಿಯ ಹಿಂದೂಸ್ತಾನಿಯದಾಗಿರಬಹುದು. ಧಾಟಿ ಊರಿಂದೂರಿಗೆ ಹೋಗುತ್ತಿತ್ತು. ಸಾಹಿತ್ಯವನ್ನು ಆಯಾ ಊರಿನವರು ಹೊಲಿದುಕೊಳ್ಳುತ್ತಿದ್ದರು. ಇದನ್ನು ಕಳ್ಳತನವೆಂದು ಯಾರೂ ಎಣಿಸಲಿಲ್ಲ. ಮುತ್ತುಸ್ವಾಮಿ ದೀಕ್ಷಿತರಂಥ ವಾಗ್ಗೇಯಕಾರರೇ ಮದರಾಸಿನ ಕೋಟೆಯ ಬ್ಯಾಂಡಿನಿಂದ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿದರು. ಅವೇ ‘ನೋಟ್ಟುಸ್ವರ’ಗಳು. ಅವರ ‘ವಂದೇ ಮೀನಾಕ್ಷಿ’ಯ ಧಾಟಿ ‘ರೇಕ್ಸ್ ಆಫ್ ಮ್ಯಾಲೋ’. ಮ್ಯಾಲೋ ಎಂಬುದು ಐರ್ಲೆಂಡಿನ ಕಾರ್ಕ್ ಸೀಮೆಯ ಒಂದು ಊರು. ರೇಕ್ಸ್ ಎಂದರೆ ಅಲ್ಲಿನ ಪೋಲಿ ಹುಡುಗರು! ಅವರ ಕುಡಿತ ಕುಣಿತಗಳ ಧಾಟಿ ಮಧುರೆಯ ದೇವಿಯ ಸ್ತೋತ್ರವಾಯಿತು. ಅದು ಜಿಗ್ ಅಲ್ಲ, ಚತುರಶ್ರ ನಡೆಯದು. ಆದರೆ ಅದೇ ಮನೆತನದ ಕೂಸು.

ಮಟ್ಟಿನ ಪದ್ಧತಿಯಲ್ಲಿ ಒಂದು ಅಪಾಯವಿದೆ. ಮೇಷ್ಟರ ನೋಟುಬುಕ್ಕನ್ನು ತಿರುವಿ ಹಾಕುತ್ತ ಹೋದಂತೆ ಅದು ನನಗೆ ಸ್ಪಷ್ಟವಾಯಿತು. ನೂರಕ್ಕೆ ಹತ್ತಿರ ಹಾಡುಗಳಿದ್ದವು; ಪ್ರತಿಯೊಂದರ ಮೇಲೂ ಮಟ್ಟಿನ ಹೆಸರು. ಹೆಸರು ಧಾಟಿಯನ್ನು ಹೇಳುವುದಿಲ್ಲ, ಧಾಟಿಯನ್ನು ಬಲ್ಲವನಿಗೆ ನೆನಪು ಮಾಡಿಕೊಡುತ್ತದೆ, ಅಷ್ಟೆ. ಬಲ್ಲವರು ತೀರಿಕೊಂಡರೆ ಉಳಿಯುವುದು ಬರಿಯ ಹೆಸರು. “ಈ ನಾಲ್ಕು ನಮ್ಮ ಗುರುಗಳದು. ಈಗ ನನ್ನೊಬ್ಬನಿಗೇ ಬರೋದು” ಎಂದು ಅವರು ಬೆರಳಿಟ್ಟು ತೋರಿಸಿದರು. ನಾನು ಕೂಡಲೇ ಜೇಬಿನಿಂದ ಫೋನನ್ನು ತೆಗೆದು, ಒಂದು ಸಲ ಹಾಡಿ, ಧ್ವನಿ ಹಿಡಿದುಕೊಳ್ಳುತ್ತೇನೆಂದೆ. ಮೇಷ್ಟರು ಪೆಟ್ಟಿಗೆಯ ತಿದಿಯ ಕೊಂಡಿ ಹಾಕಿದರು.

ಐರ್ಲೆಂಡಿನಲ್ಲಿ ಇದೇ ಭಯವನ್ನು ಎದುರಿಸಿದವನ ಕಥೆಯನ್ನು ನಾನು ಅವರಿಗೆ ಹೇಳಿದೆ. ಫ್ರಾನ್ಸಿಸ್ ಓನೀಲ್ ಎಂಬಾತ 1848ರಲ್ಲಿ ಅದೇ ಕಾರ್ಕ್ ಸೀಮೆಯಲ್ಲಿ ಹುಟ್ಟಿ, ಹಡಗು ಸೇರಿ, ದೇಶ ಸುತ್ತಿ, ಕಡೆಗೆ ಅಮೆರಿಕದ ಷಿಕಾಗೋ ನಗರದ ಪೋಲೀಸಿಗೆ ಸೇರಿದನು; 1901ರಿಂದ 1905ರ ವರೆಗೆ ಅಲ್ಲಿನ ಪೋಲೀಸ್ ಮುಖ್ಯಾಧಿಕಾರಿಯಾಗಿದ್ದನು. ತಾಯ್ನಾಡು ಬಿಟ್ಟು ಬಂದವರ ನೆನಪಿನಲ್ಲಿದ್ದ ಧಾಟಿಗಳನ್ನೆಲ್ಲ ಕೂಡಿಹಾಕಬೇಕೆಂಬುದು ಅವನ ಹಟ. ಅವನಿಗೆ ಸ್ವರಲಿಪಿ ಬರೆಯುವುದು ಅಷ್ಟಾಗಿ ಬಾರದು. ಜೇಮ್ಸ್ ಓನೀಲ್ ಎಂಬ ಇನ್ನೊಬ್ಬ ಪೋಲೀಸಿನವನು ಕೇಳಿ ಬರೆದುಕೊಳ್ಳುವನು. 1903ರಲ್ಲಿ 1850 ಧಾಟಿಗಳ ಸಂಗ್ರಹವೂ, 1907ರಲ್ಲಿ 1001 ಕುಣಿತದ ಧಾಟಿಗಳ ಸಂಗ್ರಹವೂ ಅಚ್ಚಾದವು. ಜಿಗ್ಗುಗಳು ಒಂದು ಕಡೆ, ರೀಲುಗಳು ಒಂದು ಕಡೆ ಎಂದು ಜಾತಿವಾರಾಗಿ ಜೋಡಿಸಿದ ಆ ಎರಡನೆಯ ಪುಸ್ತಕವನ್ನು ವಾದಕರು ತಮ್ಮ ಮನೆಯ ಪಂಚಾಂಗದಂತೆ ಬಳಸಿದರು.

ಎಲ್ಲವನ್ನೂ ಕೇಳಿ ಮೇಷ್ಟರು, “ಆ ಯಜಮಾನನಿಗೆ ಪೋಲೀಸ್ ಸಂಬಳ ಬರ್ತಿತ್ತಲ್ಲವೆ ಸ್ವಾಮಿ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಅವರ ಪಾಠವನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡನಂತೆ. ಮರುವರ್ಷ ಪಕ್ಕದ ಹಳ್ಳಿಯವರು ಅದನ್ನೇ ಕೇಳಿ ಕಲಿತು ನಾಟಕವಾಡಿದರು, ಮೇಷ್ಟರನ್ನು ಕರೆಯಲಿಲ್ಲ. ಹೋದದ್ದು ಎರಡು ತಿಂಗಳ ಅನ್ನ. ವಿದ್ಯೆಯನ್ನು ಹಂಚಿದರೆ ಹೆಚ್ಚುತ್ತದೆಂದು ನಾವು ತರಗತಿಗಳಲ್ಲಿ ಹೇಳುತ್ತೇವೆ. ಹಾಗೆ ಹೇಳುವ ನಮಗೆ ತಿಂಗಳ ಮೊದಲಲ್ಲಿ ಸಂಬಳ ಬರುತ್ತದೆ. ಐರ್ಲೆಂಡಿನ ಅಡಿಗೆಮನೆಯಲ್ಲಿ ಕುಣಿತಕ್ಕೆ ನುಡಿಸುತ್ತಿದ್ದವರಿಗೂ ಬಹುಮಟ್ಟಿಗೆ ಬೇರೆ ಜೀವನೋಪಾಯವಿತ್ತು. ಕಿಲ್‍ರಷ್ ಪಟ್ಟಣದ ಎಲಿಜಬೆತ್ ಕ್ರಾಟಿ ಎಂಬ ಪ್ರಸಿದ್ಧ ಕನ್ಸರ್ಟೀನ ವಾದಕಿ ಗಂಡನೊಡನೆ ಪಾನಗೃಹ ನಡೆಸುತ್ತಿದ್ದಳು. 1950ರ ದಶಕದಲ್ಲಿ ಆ ದೇಶದ ರೇಡಿಯೋದವರು ಧ್ವನಿಮುದ್ರಣದ ಯಂತ್ರವನ್ನು ಬಂಡಿಯಲ್ಲಿ ಹೇರಿಕೊಂಡು ಅವಳಲ್ಲಿಗೇ ಹೋದರು. ನುಡಿಸಿದ್ದನ್ನು ನಾಡೆಲ್ಲ ಕೇಳಿದ ಮಾತ್ರಕ್ಕೆ ಅವಳ ಅಂಗಡಿಗೆ ನಷ್ಟವಾಗಲಿಲ್ಲ.

ರೇಡಿಯೋ ಎಂದೊಡನೆ ಮೇಷ್ಟರ ಇನ್ನೊಂದು ಹಳೆಯ ನೋವು ಹೊರಬಿತ್ತು. 1940ರ ಮಾರ್ಚಿನಲ್ಲಿ ಅಖಿಲ ಭಾರತ ರೇಡಿಯೋ ಹಾರ್ಮೋನಿಯಮ್ಮನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತು. ಆ ಕಟ್ಟು ಸಡಿಲವಾಗತೊಡಗಿದ್ದು 1971ರಲ್ಲಿ. ಅದರ ಮನೆಗಳು ಕಟ್ಟಿಹಾಕಿದ ಸ್ವರಗಳು, ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರಲ್ಲಿ ಸಾಧ್ಯವಿಲ್ಲ, ಶ್ರುತಿಯ ಸೂಕ್ಷ್ಮ ಕೆಡುತ್ತದೆ ಎಂಬುದು ಆಕ್ಷೇಪ. ರವೀಂದ್ರನಾಥ ಠಾಕೂರರೂ ಈ ವಾದ್ಯವನ್ನು ಒಲ್ಲದವರೇ. ಆಕ್ಷೇಪ ಸುಳ್ಳೆನ್ನಲಾರೆ, ತೋಡಿಯ ಗಾಂಧಾರವನ್ನು ಪೆಟ್ಟಿಗೆಯಲ್ಲಿ ಹುಡುಕುವುದು ವ್ಯರ್ಥ. ಆದರೆ ಕೋಲಾಟಕ್ಕೆ ತೋಡಿಯ ಗಾಂಧಾರ ಬೇಕಿಲ್ಲ. ಗದ್ದಲದ ನಡುವೆ ಹತ್ತು ಜನಕ್ಕೆ ಕೇಳುವ, ತಾಳ ತಪ್ಪದ, ಮಳೆಗೂ ಬಿಸಿಲಿಗೂ ಶ್ರುತಿ ಬದಲಾಗದ ವಾದ್ಯ ಬೇಕು. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ್ದ ರಾಮಭಾವು ಬಿಜಾಪುರೆಯವರಂಥ ವಿದ್ವಾಂಸರು ರಾಗಸಂಗೀತಕ್ಕೂ ಅದನ್ನು ಪಳಗಿಸಿ ತೋರಿಸಿದರೆಂಬುದು ಬೇರೆ ಮಾತು. ಮೂವತ್ತು ವರ್ಷ ಹೊರಗಿದ್ದರೂ ಪೆಟ್ಟಿಗೆ ಸಾಯಲಿಲ್ಲ. ಭಜನೆಯ ಮನೆಯಲ್ಲಿಯೂ ನಾಟಕದ ಚಪ್ಪರದಲ್ಲಿಯೂ ಅದಕ್ಕೆ ಕೆಲಸವಿತ್ತು.

ಆ ರಾತ್ರಿ ಊಟವಾದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಗುರುಗಳ ನಾಲ್ಕು ಮಟ್ಟುಗಳಲ್ಲಿ ಒಂದನ್ನು ಅವರು ನನಗೆ ಕಲಿಸಿದರು, ಎದುರುಬದುರಾಗಿ ಕುಳಿತು, ಬಾಯಿಂದ. ಫೋನು ಜೇಬಿನಲ್ಲಿಯೇ ಇತ್ತು. ಕಾಫಿಯ ಸ್ವರಗಳು, ತಿಶ್ರ ನಡೆ. ಎರಡನೆಯ ಭಾಗದಲ್ಲಿ ನಿಷಾದದ ಮೇಲೆ ನಿಂತು ಮೆಲ್ಲನೆ ಇಳಿಯುವ ಒಂದು ಎಳೆತವಿದೆ. ಅದು ನನಗೆ ಹತ್ತು ಸಲ ತಪ್ಪಿತು, ಹನ್ನೊಂದನೆಯ ಸಲಕ್ಕೆ ಬಂತು. ಕಲಿತ ಮೇಲೆ ಅವರ ಅನುಮತಿ ಪಡೆದು ಅವರ ಎದುರಿನಲ್ಲಿಯೇ ಸ್ವರ ಹಾಕಿದೆ. ಬರೆದದ್ದನ್ನು ಓದಿಸಿ ಕೇಳಿ, ಎರಡು ಕಡೆ ತಿದ್ದಿಸಿದರು. ಮೇಲೆ ಗುರುಗಳ ಹೆಸರನ್ನು ಹಾಕಬೇಕೆಂದರು, ಹಾಕಿದೆ. ಕಲಿಸಿದ್ದಕ್ಕೆ ಪಾತ್ರಧಾರಿಗಳು ಕೊಡುವ ಪ್ರಮಾಣದಲ್ಲಿಯೇ ಕಾಣಿಕೆಯಿಟ್ಟೆ. ಅವರು ಸಂಕೋಚಪಡದೆ ತೆಗೆದುಕೊಂಡದ್ದು ನನಗೆ ಸಮಾಧಾನವಾಯಿತು.

ಮಿಕ್ಕ ಮೂರರ ಮಾತೆತ್ತಿದಾಗ, “ಈ ವರ್ಷದ ಕುರುಕ್ಷೇತ್ರ ಆಗಲಿ, ಬನ್ನಿ” ಎಂದರು. ಬೆಳಗ್ಗೆ ಬಸ್ಸಿಗೆ ಹೊರಟು ನಿಂತಾಗ ಕನ್ಸರ್ಟೀನವನ್ನು ಕೈಗೆ ತೆಗೆದುಕೊಂಡು, ತಿದಿಯನ್ನು ಎಳೆದು, ಒತ್ತಿ, ಒಂದೇ ಗುಂಡಿಗೆ ಎರಡು ಸ್ವರ ಬರುವುದನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ನಾಟಕ ಶಿವರಾತ್ರಿಯಾದ ಮೇಲೆ. ಅಲ್ಲಿಯ ವರೆಗೆ ಪೆಟ್ಟಿಗೆ ಅವರಲ್ಲಿಯೇ ಇರಲೆಂದು ಬಿಟ್ಟು ಬಂದಿದ್ದೇನೆ.